ನನ್ನ ಬೆನ್ನಿಗೆ ಸಾಕ್ಷಿ ಬೇಕಾಗಿದೆ

ನನ್ನ ಬೆನ್ನು ನನ್ನ ಹಿಂದೆಯೇ ಇದೆ. ಅದು ನೋಯುತ್ತದೆ. ಅದು ಸೈನ್ಯದಲ್ಲಿದ್ದಾಗ ಕೆಟ್ಟಿತು. ಇಷ್ಟನ್ನು ಸಾಬೀತುಪಡಿಸುವುದು ಎಷ್ಟರ ಕೆಲಸ? "ಸೋಮವಾರದೊಳಗ ಮುಗಸ್ತೀನಿ" ಎಂದು ಹೆಂಡತಿ ಸುನಂದಾಗೆ ಹೇಳಿದೆ. ಯಾವ ವರ್ಷದ ಸೋಮವಾರ ಅಂತ ಹೇಳಿರಲಿಲ್ಲ, ಪುಣ್ಯ!

ನಾನು ಹವಾಲ್ದಾರ ಸಿದ್ರಾಮ. ರಾಯಬಾಗ ತಾಲೂಕಿನ ಅಲಖನೂರಿನವನು. ಹದಿನೇಳು ವರ್ಷ ದೇಶ ಕಾಯ್ದು, ಪಿಂಚಣಿ ಹಚ್ಚಿಸಿಕೊಂಡು, ಕಬ್ಬಿನ ಹೊಲಕ್ಕೆ ಮರಳಿದವನು. ಹೊಲಕ್ಕೆ ಮರಳಿದೆ ಅಂದರೆ ಬದುವಿನ ಮೇಲೆ ನಿಂತೆ ಅಂತ ಅರ್ಥ. ಬಗ್ಗುವುದು ನನ್ನಿಂದ ಆಗುತ್ತಿರಲಿಲ್ಲ.

ಆದದ್ದು ಇಷ್ಟು. ಹಿಮದ ಮೇಲಿನ ಒಂದು ಠಾಣೆಗೆ ಸೀಮೆಎಣ್ಣೆಯ ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಂಡು ಏರುತ್ತಿದ್ದಾಗ ಕಾಲು ಜಾರಿ ಕೊರಕಲಿಗೆ ಬಿದ್ದೆ. ಕೆಳಗೆ ಬಂಡೆ, ಮೇಲೆ ನಾನು, ನಡುವೆ ಡಬ್ಬಿ. ಡಬ್ಬಿಗೆ ಏನೂ ಆಗಲಿಲ್ಲ. ಸರಕಾರಿ ಡಬ್ಬಿ, ಗಟ್ಟಿ ಇತ್ತು! ಜೊತೆಗಿದ್ದ ದಸ್ತಗೀರ, ನಿಪ್ಪಾಣಿ ಕಡೆಯ ಕೊಗನೊಳ್ಳಿಯವನು, ನನ್ನನ್ನು ಬೆನ್ನ ಮೇಲೆ ಹೊತ್ತು ಡೇರೆಗೆ ತಂದ. ಹಿಮ ಬಿದ್ದು ದಾರಿ ಮುಚ್ಚಿತ್ತು. ದೊಡ್ಡ ದವಾಖಾನೆಗೆ ಒಯ್ಯುವ ಮಾತೇ ಇಲ್ಲ. ಡೇರೆಯಲ್ಲಿದ್ದದ್ದು ಒಂದೇ ನಮೂನೆಯ ಗುಳಿಗೆ. ಹೊಟ್ಟೆ ಕಡಿತಕ್ಕೂ ಅದೇ, ಬೆನ್ನು ಮುರಿತಕ್ಕೂ ಅದೇ.

ಕೆಲವು ದಿನಗಳ ಮೇಲೆ ನಮ್ಮ ಕಂಪನಿಯ ಸಾಹೇಬರು ಡೇರೆಯೊಳಗೆ ತಲೆ ಹಾಕಿ, "ಕೈಸೇ ಹೋ, ಸಿದ್ರಾಮ?" ಅಂದರು.

"ಠೀಕ್ ಹೈ ಸಾಬ್!" ಅಂದೆ.

ಸೈನ್ಯದಲ್ಲಿ ಆ ಪ್ರಶ್ನೆಗೆ ಇರುವುದೇ ಒಂದು ಉತ್ತರ. ಜ್ವರ ಇದ್ದರೂ ಅದೇ, ಮನೆಯಲ್ಲಿ ಎಮ್ಮೆ ಸತ್ತರೂ ಅದೇ. ಸಾಹೇಬರು ಸಂತೋಷಪಟ್ಟು ಹೋದರು. ಬಿದ್ದದ್ದು ಎಲ್ಲಿಯೂ ದಾಖಲಾಗಲಿಲ್ಲ. ಮುಂದೆ ನಿವೃತ್ತಿಯ ತಪಾಸಣೆಯಲ್ಲೂ ಡಾಕ್ಟರರು ಅದನ್ನೇ ಕೇಳಿದರು, ನಾನು ಅದನ್ನೇ ಹೇಳಿದೆ. ಊರಿಗೆ ಹೋಗುವ ರೈಲು ಹಿಡಿಯುವ ಅವಸರ ಬೇರೆ!

ಊರಲ್ಲಿ ಇನ್ನೊಂದು ಫಜೀತಿ. ಬಗ್ಗಲಾರದವನು ಸಹಜವಾಗಿ ನೆಟ್ಟಗೆ ನಿಲ್ಲುತ್ತಾನೆ. ಜನ ಅದನ್ನು ಮಿಲಿಟರಿ ಖದರು ಎಂದು ತಿಳಿದರು. "ಹವಾಲ್ದಾರ್ರು ಏನ ಖಡಕ್ ಅದಾರ್ರಿ!" ಎನ್ನುತ್ತಿದ್ದರು. ಮದುವೆ ಮನೆಯಲ್ಲಿ ಹಿರಿಯರ ಕಾಲು ಮುಟ್ಟದೆ ಕೈ ಮುಗಿದರೆ ಸೊಕ್ಕು ಎನ್ನುತ್ತಿದ್ದರು. ಹೊಲದಲ್ಲಿ ಸುನಂದಾ ಹುಲ್ಲಿನ ಹೊರೆ ಹೊತ್ತು ಮುಂದೆ ನಡೆದರೆ, ಹಿಂದೆ ಕೈಬೀಸಿಕೊಂಡು ಬರುವ ನನ್ನನ್ನು ನೋಡಿ ಏನನ್ನುತ್ತಿದ್ದರೋ, ಅದನ್ನು ನನ್ನೆದುರು ಅನ್ನುತ್ತಿರಲಿಲ್ಲ.

ಕೊನೆಗೆ ಚಿಕ್ಕೋಡಿಯ ಡಾಕ್ಟರರು ನನ್ನ ಬೆನ್ನಿನ ಫೋಟೋವನ್ನು ಬೆಳಕಿಗೆ ಹಿಡಿದು, "ಹಳೇ ಪೆಟ್ಟು. ಮಿಲಿಟರಿಯೊಳಗ ಆಗಿದ್ದಾದ್ರ ಯಾಕ ಸುಮ್ನ ಕುಂತೀರಿ? ಅಂಗವೈಕಲ್ಯದ ಪಿಂಚಣಿ ಬರ್ತೈತಿ" ಎಂದರು. ಮಾಜಿ ಸೈನಿಕರ ಕಚೇರಿಗೆ ಹೋದೆ. ಅಲ್ಲಿದ್ದ ಹಿರಿಯರು, "ಸೇರೋಕ್ಕಿಂತ ಮೊದಲ ಬೆನ್ನು ಚಲೋ ಇತ್ತು ಅಂತ ಊರವ್ರ ಕಡಿಂದ ಒಂದು ದಾಖಲೆ ತರ್ರಿ. ಆಮ್ಯಾಲ ಮೆಡಿಕಲ್ ಬೋರ್ಡಿನ ಮುಂದ ನಿಂತು ನೋವು ಹೇಳ್ಕೋರಿ. ಆತು" ಎಂದರು.

ಆತು! ನನ್ನ ಬೆನ್ನನ್ನು ಚಿಕ್ಕಂದಿನಿಂದ ಬಲ್ಲವರು ಊರಲ್ಲಿ ಒಬ್ಬರೇ. ಕುಸ್ತಿ ಕಲಿಸುವ ತಾಲೀಮಿನ ಗುರು, ಮಾರುತಿ ವಸ್ತಾದರು. ನನಗೆ ಮಣ್ಣು ಹಚ್ಚಿ ಪೈಲ್ವಾನನನ್ನಾಗಿ ಮಾಡಿದವರು. ನೇರ ಅವರ ಹತ್ತಿರ ಹೋಗಿ ಪಾದದ ದಿಕ್ಕಿಗೆ ಕೈ ಮುಗಿದೆ.

"ವಸ್ತಾದ್ರ, ಮಿಲಿಟರಿಯೊಳಗ ಬೆನ್ನ ಮ್ಯಾಲ ಬಿದ್ದೇನ್ರಿ. ಮೊದಲ ನನ್ನ ಬೆನ್ನು ಚಲೋ ಇತ್ತು, ಅಲ್ಲೇ ಕೆಟ್ಟೈತಿ ಅಂತ ಬರದು ಸಹಿ ಮಾಡಿ ಕೊಡ್ರಿ."

ವಸ್ತಾದರು ಮೀಸೆಯ ಮೇಲಿನ ಕೈ ಕೆಳಗಿಳಿಸಿದರು. "ಏನಂದಿ? ಬೆನ್ನ ಮ್ಯಾಲ ಬಿದ್ದಿ?"

"ಹೌದ್ರಿ."

"ಯಾರು ಕೆಡವಿದ್ರು?"

"ಯಾರೂ ಇಲ್ರಿ. ಕಾಲು ಜಾರ್ತು."

"ನಮ್ಮ ತಾಲೀಮಿನ ಪೈಲ್ವಾನ ಬೆನ್ನು ನೆಲಕ್ಕ ಹಚ್ಚಿದಾ ಅಂತ ನಾ ಸಹಿ ಮಾಡ್ಲಿ? ಅಥಣಿ ಕಡಿ ವಸ್ತಾದಗೋಳಿಗೆ ಗೊತ್ತಾದ್ರ ನಾ ಮಾರಿ ಹೆಂಗ ತೋರಸ್ಲೋ?"

ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಸೋಲು. ಅಷ್ಟೇ ಕಾನೂನು. ಬಿದ್ದದ್ದು ಹಿಮಾಲಯದಲ್ಲೋ ಅಖಾಡದಲ್ಲೋ, ವಸ್ತಾದರಿಗೆ ಎರಡೂ ಒಂದೇ. ನಾನು ಬುದ್ಧಿವಂತಿಕೆಯಿಂದ ವಾದ ಹೂಡಿದೆ.

"ನೆಲಕ್ಕ ಹತ್ತಿಲ್ರಿ. ನಡುವ ಡಬ್ಬಿ ಇತ್ರಿ!"

ವಸ್ತಾದರ ಕೈ ಮತ್ತೆ ಮೀಸೆಗೆ ಹೋಯಿತು. "ಹಂಗಾರ ಸೋತಿಲ್ಲ."

"ಇಲ್ರಿ."

"ಮೊದ್ಲ ಹೇಳಬಾರದೇನ ಮತ್ತ? ಬರದು ಕೊಡ್ತೀನಿ ತಡಿ."

ತಾಲೀಮಿನ ಕಟ್ಟೆಯ ಮೇಲೆ ಕೂತವರೆಲ್ಲ ಸೇರಿ ಬರೆದರು. ಒಬ್ಬೊಬ್ಬರು ಒಂದೊಂದು ಸಾಲು ಹೇಳಿದರು. ಸಹಿ, ಹೆಬ್ಬೆಟ್ಟು ಎಲ್ಲ ಆದವು. ಲಕೋಟೆಗೆ ಅಂಟು ಹಚ್ಚಿ, ಮೇಲೆ ಕುಂಕುಮ ಹಚ್ಚಿ ಕೊಟ್ಟರು. ಗುರುಗಳು ಕುಂಕುಮ ಹಚ್ಚಿ ಕೊಟ್ಟದ್ದನ್ನು ಒಡೆದು ನೋಡುವುದುಂಟೆ? ಹಾಗೆಯೇ ಒಯ್ದು ಅರ್ಜಿಯ ಜೊತೆ ಸಲ್ಲಿಸಿದೆ.

ಮಿಲಿಟರಿ ದವಾಖಾನೆಯ ಮೆಡಿಕಲ್ ಬೋರ್ಡಿಗೆ ಕರೆ ಬಂತು. ನಾನು ಅಂಗಿಗೆ ಇಸ್ತ್ರಿ ಹೊಡೆಸಿ, ಬೂಟಿಗೆ ಪಾಲಿಶ್ ಮಾಡಿ, ಮೀಸೆ ಕತ್ತರಿಸಿಕೊಂಡು ಹೋದೆ. ರೋಗಿಯಾದವನು ಹೀಗೆ ಹೋಗಬಾರದು ಅಂತ ನನಗೆ ಯಾರೂ ಹೇಳಿರಲಿಲ್ಲ. ಮೂವರು ಡಾಕ್ಟರ್ ಸಾಹೇಬರು ಕೂತಿದ್ದರು. ಕನ್ನಡ ಬಲ್ಲ ಕಾರಕೂನನೊಬ್ಬ ಊರವರ ಪತ್ರವನ್ನು ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಹಿಂದಿಯಲ್ಲಿ ಹೇಳಿದ.

"ಸದರಿ ಸಿದ್ರಾಮನು ಬಾಲ್ಯದಿಂದಲೂ ಕಬ್ಬಿಣದಂಥ ಬೆನ್ನುಳ್ಳವನಾಗಿದ್ದು, ಸೈನ್ಯದಲ್ಲಿ ಬಿದ್ದಾಗ್ಯೂ ಸದರಿ ಬೆನ್ನು ನೆಲಕ್ಕೆ ತಾಗಿರುವುದಿಲ್ಲ. ಇಂದಿಗೂ ತುಂಬಿದ ಜೋಳದ ಚೀಲವನ್ನು ಒಂದೇ ಏಟಿಗೆ ಎತ್ತಬಲ್ಲವನಾಗಿರುತ್ತಾನೆ. ಅವನನ್ನು ಪುನಃ ಯುದ್ಧಕ್ಕೆ ಕಳಿಸುವುದಾದರೆ ಗ್ರಾಮಸ್ಥರ ಅಭ್ಯಂತರ ಇರುವುದಿಲ್ಲ."

ನನ್ನ ಕಿವಿ ಬಿಸಿಯಾದವು. ಹಿರಿಯ ಸಾಹೇಬರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಇನ್ನೂ ಕಾಲ ಮಿಂಚಿರಲಿಲ್ಲ. ಬೆನ್ನು ಹೇಗಿದೆ ಎಂದು ಕೇಳಿ ಅವರೇ ದಾರಿ ಮಾಡಿಕೊಟ್ಟರು. "ಕಮರ್ ಕೈಸೀ ಹೈ, ಹವಾಲ್ದಾರ್?"

ಹೇಳಬೇಕಾದ ಮಾತೆಲ್ಲ ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಆದರೆ ಆ ದನಿ ಕಿವಿಗೆ ಬಿದ್ದದ್ದೇ ತಡ, ನನ್ನ ಅಪ್ಪಣೆ ಇಲ್ಲದೆ ನನ್ನ ಹಿಮ್ಮಡಿ ಎರಡೂ ಕೂಡಿಕೊಂಡವು. ಎದೆ ಮುಂದಕ್ಕೆ ಬಂತು. ಗದ್ದ ಮೇಲೆದ್ದಿತು.

"ಏಕ್‌ದಮ್ ಠೀಕ್ ಹೈ ಸಾಬ್!"

ಕಿಟಕಿಯ ಗಾಜು ಅಲುಗಿತು. "ಶಾಬಾಸ್!" ಎಂದು ಸಾಹೇಬರು ಕಾಗದ ಮಡಿಚಿದರು.

ಹೊರಗೆ ಬೆಂಚಿನ ಮೇಲೆ ಸುನಂದಾ ಕಾಯುತ್ತಿದ್ದಳು. "ಸಾಹೇಬ್ರು ಏನಂದ್ರರೀ?"

"ಅವ್ರೇನೂ ಅನ್ಲಿಲ್ಲ. ನಾನ ಅಂದ್ನಿ."

ವಾಪಸು ಬಸ್ಸು ಹಿಡಿದೆವು. ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಇಳಿದವಳೇ ಶುರು ಮಾಡಿದಳು. "ಅಲ್ರೀ, ನನ್ನ ಮುಂದ ಕೊಡ ಎತ್ತಂದ್ರ ಹಾಯ್ ಹಾಯ್ ಅಂತೀರಿ. ಸಾಹೇಬ್ರ ಮುಂದ ಠೀಕ್ ಹೈ! ಹಂಗಾರ ಆ ಸಾಹೇಬ್ರನ್ನ ನಮ್ಮ ಹೊಲಕ್ಕ ಕರಕೊಂಡ ಬರ್ರಿ. ಅವರು ಬದುವಿನ ಮ್ಯಾಲ ನಿಂದರಲಿ, ನೀವು ಕಬ್ಬು ಕಡೀರಿ!" ನಾನು ನಕ್ಕೆ. ಅವಳು ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಊರಾಗ ನಿಮಗ ಮೈಗಳ್ಳ ಅಂತಾರ್ರಿ. ನನ್ನ ಕಿವೀಲೆ ಕೇಳೇನಿ. ರೊಕ್ಕ ಬರದಿದ್ರ ಬ್ಯಾಡ. ನೀವು ಸುಳ್ಳ ಅಲ್ಲ ಅಂತ ಒಬ್ರರ ಹೇಳಬೇಕಲ್ರೀ" ಅಂದಳು. ಆ ಮಾತು ನನಗೆ ಡಬ್ಬಿಗಿಂತ ಜೋರಾಗಿ ತಾಗಿತು.

ನಿರೀಕ್ಷೆಯಂತೆ ಅರ್ಜಿ ತಿರಸ್ಕೃತವಾಯಿತು. ಮೇಲ್ಮನವಿ ಹಾಕಿ, ಈ ಸಲ ಕಣ್ಣಾರೆ ಕಂಡ ಸಾಕ್ಷಿಯನ್ನೇ ಹುಡುಕಿಕೊಂಡು ಕೊಗನೊಳ್ಳಿಗೆ ಹೋದೆ. ದಸ್ತಗೀರ ಹೆದ್ದಾರಿಯ ಬದಿಗೆ ಪಂಕ್ಚರ್ ಅಂಗಡಿ ಇಟ್ಟಿದ್ದ. ಹೊಟ್ಟೆ ಲಾರಿ ಟಾಯರಿನಷ್ಟಾಗಿತ್ತು. ನನ್ನನ್ನು ಕಂಡವನೇ ಕೈಯ ಗ್ರೀಸನ್ನು ನನ್ನ ಅಂಗಿಗೆ ಒರೆಸುತ್ತ ತಬ್ಬಿಕೊಂಡ.

"ಲೇ ಸಿದ್ರಾಮ, ಕಾಗದಾ ಗೀಗದಾ ಯಾಕ? ನಾನ ಬರ್ತೀನಿ. ನಿನ್ನ ಹೊತ್ತಾಂವ ನಾ. ನಿನ್ನ ತೂಕ ನನಗ ಗೊತ್ತಿಲ್ಲೇನ?"

ಇತ್ತ ಮನೆಯಲ್ಲಿ ಸುನಂದಾ ನನಗೆ ತರಬೇತಿ ಆರಂಭಿಸಿದಳು. ಚಹಾದ ಕಪ್ಪು ಹಿಡಿದು ಎದುರು ನಿಂತು, ದನಿ ದಪ್ಪ ಮಾಡಿ, "ಕಮರ್ ಕೈಸೀ ಹೈ?" ಎನ್ನುವಳು. ನಾನು "ಠೀಕ್ ಹೈ" ಅಂದರೆ ಚಹಾ ವಾಪಸು! ಹೀಗೆ ಎಷ್ಟೋ ಮುಂಜಾನೆ ಚಹಾ ಇಲ್ಲದೆ ಕಳೆದೆ. ಕೊನೆಗೊಂದು ದಿನ ನಾಲಿಗೆ ತೊದಲುತ್ತ "ದರ್ದ್ ಹೈ ಸಾಬ್", ನೋವಿದೆ, ಎಂದಿತು. ಅವಳು ಖುಷಿಯಿಂದ ಎರಡು ಬಿಸ್ಕತ್ತನ್ನೂ ಕೊಟ್ಟಳು.

ಎರಡನೆಯ ಬೋರ್ಡಿನ ದಿನ ನನಗೆ ಇಸ್ತ್ರಿ ಇಲ್ಲ, ಬೂಟಿಲ್ಲ, ಚಪ್ಪಲಿ. ದಸ್ತಗೀರ ಮಾತ್ರ ಹಳೆಯ ಮೆಡಲುಗಳನ್ನೆಲ್ಲ ಎದೆಗೆ ತಗುಲಿಸಿಕೊಂಡು ಬಂದಿದ್ದ. ಈ ಸಲ ಹಿರಿಯರಾಗಿದ್ದವರು ಒಬ್ಬ ಹೆಣ್ಣುಮಗಳು, ಡಾಕ್ಟರ್ ಬಾಯಿಯವರು. "ಕಮರ್ ಕೈಸೀ ಹೈ?" ಎಂದರು. ನನ್ನ ಹಿಮ್ಮಡಿ ಕೂಡಿಕೊಳ್ಳಲು ಹೊರಟವು. ಹಲ್ಲು ಕಚ್ಚಿ ತಡೆದೆ. ಠೀಕೂ ಬರಲಿಲ್ಲ, ದರ್ದೂ ಬರಲಿಲ್ಲ. ಗಂಟಲಿನಿಂದ ಬರೀ ಗಾಳಿ ಬಂತು.

ನನ್ನನ್ನು ಹೊತ್ತವನು ತಾನೇ ಎಂದು ಹೇಳದೆ ದಸ್ತಗೀರನಿಗೆ ತಡೆಯಲಾಗಲಿಲ್ಲ. "ಮೇಡಂ, ಇಸಕೋ ಮೈನೇ ಉಠಾಯಾ ಥಾ!"

"ಅಚ್ಛಾ? ಕೈಸೇ?" ಎಂದರು ಬಾಯಿಯವರು. ಹೇಗೆ ಅಂತ ಮಾತಿನಲ್ಲಿ ಹೇಳು ಎಂದು ಅದರ ಅರ್ಥ. ದಸ್ತಗೀರ ಸೈನಿಕ. ಪ್ರಾತ್ಯಕ್ಷಿಕೆಗೇ ಇಳಿದ!

"ಬ್ಯಾಡಲೇ!" ಅನ್ನುವುದರೊಳಗೆ ನನ್ನ ಎರಡೂ ಕೈ ಹಿಡಿದು, ತಿರುಗಿ, ಬೆನ್ನ ಮೇಲೆ ಎಳೆದುಕೊಂಡ. ನನ್ನ ಬೆನ್ನು ಬಗ್ಗಿತು. ಎಷ್ಟೋ ವರ್ಷಗಳ ನಂತರ ಮೊದಲ ಸಲ! "ಯವ್ವಾ ಸತ್ತ್ನಿ!" ಎಂದು ನಾನು ಹಾಕಿದ ಬೊಬ್ಬೆಗೆ ಹೊರಗಿದ್ದ ಸುನಂದಾ ಒಳಗೆ ಓಡಿ ಬಂದಳು. ಅಷ್ಟರಲ್ಲಿ ನನ್ನ ಕೆಳಗೆ ಕಟಕ್ ಅಂದಿತು. ಅದು ನನ್ನದಲ್ಲ. ದಸ್ತಗೀರ ನೆಲ ನೋಡುತ್ತ ಹಾಗೇ ನಿಂತುಬಿಟ್ಟ. ಮೇಲೇಳಲೊಲ್ಲ, ಕೆಳಗಿಳಿಸಲೊಲ್ಲ.

"ವೈನೀ, ನಿಮ್ಮ ಯಜಮಾನ್ರನ್ನ ಇಳಸ್ಕೋರಿ!" ಎಂದು ನೆಲಕ್ಕೇ ಮುಖ ಮಾಡಿ ಸುನಂದಾಳಿಗೆ ಕೂಗಿದ.

ಸುನಂದಾ ಮತ್ತು ಇಬ್ಬರು ಸಿಪಾಯಿಗಳು ಸೇರಿ ನಮ್ಮನ್ನು ಬಿಡಿಸಿದರು. ಎರಡು ಸ್ಟ್ರೆಚರ್ ಬಂದವು. ನನ್ನನ್ನು ಒಂದು ಕೋಣೆಗೆ, ಅವನನ್ನು ಇನ್ನೊಂದಕ್ಕೆ. ಎಕ್ಸ್‌ರೇ ತೆಗೆದರು. ಆಮೇಲೆ ಬಾಯಿಯವರು ಮೊದಲು ಅವನ ಕೋಣೆಗೆ ಹೋಗಿ, ನಂತರ ನನ್ನ ಮಗ್ಗುಲಿಗೆ ಕುರ್ಚಿ ಎಳೆದುಕೊಂಡು ಕೂತು, ನಿಧಾನವಾಗಿ ಒಂದೊಂದೇ ಕೇಳಿದರು. ಬಿದ್ದದ್ದು ಎಲ್ಲಿ? ಡಬ್ಬಿ ಯಾವುದು? ಗಾಳಿ ಹೇಗಿತ್ತು? ಮಲಗಿದವನಿಗೆ ಹಿಮ್ಮಡಿ ಕೂಡಿಸಲು ಬರುವುದಿಲ್ಲ. ಹಾಗಾಗಿ ನಿಜವೆಲ್ಲ ಬಾಯಿಗೆ ಬಂತು. ನನ್ನ ಒಂದು ಕಾಲಿನ ಬೂಟು ಕೊರಕಲಿನಲ್ಲೇ ಉಳಿದದ್ದು, ದಸ್ತಗೀರ ತನ್ನ ಉಣ್ಣೆಯ ಟೊಪ್ಪಿಗೆಯನ್ನು ನನ್ನ ಪಾದಕ್ಕೆ ಹಾಕಿದ್ದು, ಎಲ್ಲ ಹೇಳಿದೆ.

"ಯಾವ ಪಾದ?"

"ಎಡಗಡೆದು, ಮೇಡಂ."

"ಅವರೂ ಎಡಗಡೆದೇ ಅಂದರು" ಎಂದು ಬಾಯಿಯವರು ಹಿಂದಿಯಲ್ಲಿ ಹೇಳಿದರು. ಫೋಟೋದಲ್ಲಿನ ಹಳೆಯ ಮುರಿತವನ್ನು ತೋರಿಸಿ, "ಇಷ್ಟು ವರ್ಷ ಇದನ್ನು ಹೇಗೆ ಹೊತ್ತಿರಿ?" ಎಂದು ಕೇಳಿದರು. ನನಗೆ ಅಳು ಬಂತು. ನೋವಿಗಲ್ಲ. ಒಬ್ಬರು ನಂಬಿದರಲ್ಲ, ಅದಕ್ಕೆ. ಬಾಗಿಲಲ್ಲಿ ನಿಂತ ಸುನಂದಾಳ ಮುಖ ನೋಡಿದೆ. ಅವಳು ದೊಡ್ಡ ನಿಟ್ಟುಸಿರು ಬಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನನ್ನ ಎದೆಯೂ ಅಷ್ಟೇ ಹಗುರಾಯಿತು.

ಸಂಜೆ ನಮ್ಮಿಬ್ಬರನ್ನೂ ಅಕ್ಕಪಕ್ಕದ ಮಂಚಕ್ಕೆ ಹಾಕಿದರು. ಇಂಜೆಕ್ಷನ್ನಿನ ಪ್ರಭಾವದಿಂದ ದಸ್ತಗೀರನಿಗೆ ಮಾತು ಮರಳಿತ್ತು.

"ಲೇ ಸಿದ್ರಾಮ, ನನ್ನ ಬೆನ್ನು ಹೋಗಿದ್ದು ಎಲ್ಲಿ? ಮಿಲಿಟರಿ ದವಾಖಾನಿಯೊಳಗ. ಹೊತ್ತಿದ್ದು ಯಾರನ್ನ? ಮಿಲಿಟರಿ ಮನಷ್ಯಾನ್ನ. ನಾನೂ ಒಂದು ಅರ್ಜಿ ಒಗೀತೀನಿ. ನೀ ಸಾಕ್ಷಿ ಹೇಳಾಂವ!"

"ಸುಮ್ನ ಬೀಳಲೇ. ನಿಂದು ಉಳುಕು, ನಾಕ ದಿನಕ್ಕ ಹೋಗ್ತೈತಿ" ಅಂದೆ. ಹಾಗೆಯೇ ಹೋಯಿತು. ಆದರೂ ನನ್ನ ಮೇಲಿನ ಸಿಟ್ಟು ಅವನಿಗೆ ಇನ್ನೂ ಪೂರ್ತಿ ಹೋಗಿಲ್ಲ.

ಕೆಲವು ತಿಂಗಳ ಮೇಲೆ ಮಂಜೂರಾತಿಯ ಕಾಗದ ಬಂತು. ಗಾಯ ಸೈನಿಕ ಸೇವೆಯಿಂದಲೇ ಆದದ್ದು, ಐವತ್ತು ಪರ್ಸೆಂಟ್ ಅಂಗವೈಕಲ್ಯ ಅಂತ ಸ್ಪಷ್ಟವಾಗಿ ಬರೆದಿತ್ತು. ನಾನು ಅಂಗಳದಲ್ಲಿ ನಿಂತು, ಬೀದಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ. ಓಣಿಯವರೆಲ್ಲ ಬಂದು ಕೇಳಿ, ಪೇಢೆ ತಿಂದು, "ಪಾಪ, ನಮಗ ಗೊತ್ತ ಇರ್ಲಿಲ್ರಿ" ಎಂದು ಹೋದರು. ಕಡೆಗೆ ಸುನಂದಾ ಕೇಳಿದಳು, "ಐವತ್ತು ಪರ್ಸೆಂಟ್ ಅಂದ್ರ ಏನ್ರೀ?"

"ಅರ್ಧಾ ಬೆನ್ನು ಹೋಗೇತಿ ಅಂತ ಸರಕಾರ ಒಪ್ಪೈತಿ" ಎಂದು ಗತ್ತಿನಿಂದ ಹೇಳಿದೆ.

"ಉಳಿದ ಅರ್ಧಾ?"

"ಅದು ಚಲೋ ಐತಿ."

"ಹಂಗಾರ ಆ ಅರ್ಧಾ ತಗೊಂಡ ಏಳ್ರಿ. ಎಮ್ಮಿ ಮುಂಜಾನಿಂದ ನೀರು ಕುಡದಿಲ್ಲ."

ವಾದಿಸಲು ನನ್ನಲ್ಲಿ ಯಾವ ಪುರಾವೆಯೂ ಉಳಿದಿರಲಿಲ್ಲ. ಎದ್ದು ಹೋದೆ. ಬಕೆಟ್ಟನ್ನು ಮಾತ್ರ ಅರ್ಧವೇ ತುಂಬಿಸಿದೆ. ಸರಕಾರದ ಆದೇಶ!