ಯಜಮಾನರ ಗ್ರೇಡು

ನಗಬಾರದ ಜಾಗದಲ್ಲೇ ನಗು ತರಿಸುವ ಪ್ರಸಂಗಗಳು ನನ್ನ ಬೆನ್ನು ಬಿಡುವುದಿಲ್ಲ. ಸ್ಟೀಲ್ ಪೈಪು ಹೇಳಿದ ಗ್ರೇಡಿನದೇ ಹೌದೋ ಅಲ್ಲವೋ ಅಂತ ಪರೀಕ್ಷಿಸುವುದು ನನ್ನ ಕೆಲಸ. ಇದರಲ್ಲಿ ನಗುವಂಥದ್ದೇನಿದೆ ಅಂತ ನಾನೂ ಅಂದುಕೊಂಡಿದ್ದೆ.

೧. ದೇವರ ಮ್ಯಾಗ್ನೆಟ್ಟು

ದಾಸರಹಳ್ಳಿಯ ವರ್ಕ್‌ಶಾಪ್ ಯಜಮಾನರೊಬ್ಬರು ಒಂದು ಆಸ್ಪತ್ರೆಯ ಹೊಸ ಡಯಾಲಿಸಿಸ್ ವಿಭಾಗಕ್ಕೆ ನೀರಿನ ಪೈಪು ಹಾಕುತ್ತಿದ್ದರು. ತುಕ್ಕು ಹಿಡಿಯದ ೩೧೬ನೇ ಗ್ರೇಡೇ ಬೇಕು. ಅವರ ಹೆಂಡತಿಗೂ ಅಲ್ಲೇ ಡಯಾಲಿಸಿಸ್. ಆ ಪೈಪಿನ ನೀರು ನಾಳೆ ಆಕೆಗೂ ಬೇಕು. ಯಜಮಾನರಿಗೆ ನಿದ್ದೆಯೇ ಇರಲಿಲ್ಲ.

ನಾನು ಹೋದಾಗ ಫ್ರಿಜ್ಜಿನ ಮೇಲಿದ್ದ ಮ್ಯಾಗ್ನೆಟ್ಟನ್ನು ಪೈಪು ಪೈಪಿಗೂ ಮುಟ್ಟಿಸುತ್ತಿದ್ದರು. "ನೋಡಿ ಸಾರ್, ಅಂಟಲ್ಲ. ಒಳ್ಳೇ ಮಾಲು."

"ಯಜಮಾನ್ರೇ, ಕಮ್ಮಿ ಬೆಲೆಯ ೩೦೪ ಕೂಡ ಅಂಟಲ್ಲ."

"ಗೊತ್ತು ಸಾರ್. ಅದಕ್ಕೇ ಆಂಜನೇಯನ ಫೋಟೋ ಇರೋ ಮ್ಯಾಗ್ನೆಟ್ ತಂದಿದೀನಿ."

೨. ಗೇಟಿನಲ್ಲಿ

ಪೈಪು ಜೋಡಿಸಿದ ಮೇಲೆ ಆಸ್ಪತ್ರೆಯಲ್ಲೇ ಇನ್ನೊಮ್ಮೆ ಪರೀಕ್ಷೆ. ಲೋಹಕ್ಕೆ ಹಿಡಿದರೆ ಗ್ರೇಡು ತೋರಿಸುವ ನನ್ನ ಮೆಷಿನ್ನು ನೋಡಲು ಥೇಟ್ ಪಿಸ್ತೂಲು; ಕಸುಬಿನವರು ಗನ್ ಅಂತಲೇ ಕರೆಯುವುದು. ಸೆಕ್ಯೂರಿಟಿಯವನು ತಡೆದ. "ಏನ್ರೀ ಅದು?"

ಯಜಮಾನರೇ ಮುಂದೆ ನುಗ್ಗಿದರು. "ಗನ್ ಕಣಪ್ಪಾ. ಒಳಗೆ ನನ್ ಹೆಂಡ್ತಿ ಇದಾಳೆ. ಇವತ್ತು ಒಂದ್ ತೀರ್ಮಾನ ಆಗ್ಲೇಬೇಕು!"

ಅವನು ಗೇಟನ್ನು ನಮಗೇ ಬಿಟ್ಟು ಓಡಿದ.

೩. ಬಾಯಿಮಾತು

ಅವತ್ತು ಪೈಪು ತಿರುಗುವ ಕಡೆಯ ಒಂದು ಬೆಂಡು ೩೦೪ ಅಂತ ಸಿಕ್ಕಿತು. ಯಜಮಾನರು ಎರಡು ಮಾತಾಡದೆ ಕತ್ತರಿಸಿ ತೆಗೆಸಿದರು. ಆಮೇಲೆ ಹಳೇ ವಾರ್ಡಿನಲ್ಲಿ ಮಲಗಿದ್ದ ಹೆಂಡತಿಯ ಹತ್ತಿರ ಕರೆದುಕೊಂಡು ಹೋದರು. ಆಯಮ್ಮ ಮೆಷಿನ್ ನೋಡಿ ಅಂದರು:

"ಇವ್ರ ಮೇಲೂ ಒಂದ್ಸಲ ಹಿಡೀರಿ ಸಾರ್. ಇಷ್ಟ್ ವರ್ಷ ಸಂಸಾರ ಮಾಡಿದೀನಿ, ಯಾವ ಗ್ರೇಡು ಅಂತ ಗೊತ್ತಾಗ್ಲಿಲ್ಲ."

ಅದು ಎಕ್ಸ್‌ರೇ ಬಿಡುವ ಮೆಷಿನ್ನು, ಮನುಷ್ಯರ ಮೇಲೆ ಹಿಡಿಯುವ ಹಾಗಿಲ್ಲ. ಮೆಷಿನ್ ಆಫ್ ಮಾಡಿ ಸುಮ್ಮನೆ ಯಜಮಾನರತ್ತ ಹಿಡಿದೆ. "ಒಳ್ಳೇ ಮಾಲು ಅಮ್ಮಾ."

"ಹಂಗಾದ್ರೆ ಮೆಷಿನ್ ಕೆಟ್ಟಿದೆ. ರಿಪೇರಿಗೆ ಕೊಡಿ."

ವಾರ್ಡಿಗೆ ವಾರ್ಡೇ ನಕ್ಕಿತು. ಹೊಸ ಪೈಪಿನಲ್ಲಿ ನೀರು ಬರುವ ಮೊದಲೇ ಆಯಮ್ಮ ತೀರಿಕೊಂಡರು.

ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಕೂತವರಿಗೆಲ್ಲ ಯಜಮಾನರು ಈ ಕಥೆ ಹೇಳಿ ನಗಿಸಿದರು. ನಾನು ಕೈ ತೊಳೆಯುವಾಗ ಹಿಂದೆಯೇ ಬಂದರು.

"ಸಾರ್, ಅವತ್ತು ಮೆಷಿನ್ ಆನ್ ಇತ್ತಾ?"

"ಇತ್ತು ಯಜಮಾನ್ರೇ," ಅಂದುಬಿಟ್ಟೆ.

ನನ್ನ ಒದ್ದೆ ಕೈ ಹಿಡಿದುಕೊಂಡು ಅತ್ತರು. "ಹಂಗಾದ್ರೆ ಆವತ್ತೇ ಸರ್ಟಿಫಿಕೇಟ್ ಕೊಡ್ಬೇಕಿತ್ತು ಸಾರ್. ಅವ್ಳು ಬಾಯಿಮಾತು ನಂಬೋಳಲ್ಲ."