ಗಾಜಿನಣ್ಣನ ಆಯಿಲ್ ವಾಲ್ವ್

ಕಿಟಕಿಗಳಿಗೆ ಗಾಜು ಕೂರಿಸುವುದು ಅವನ ಕಸುಬು. ಬೀದಿಯವರೆಲ್ಲ ಗಾಜಿನಣ್ಣ ಎನ್ನುತ್ತಿದ್ದರು. ಆಳೆತ್ತರದ ಗಾಜನ್ನು ಮೂರು ಮಹಡಿ ಹತ್ತಿಸಿ, ಒಂದು ಗೀರೂ ಬೀಳದಂತೆ ಚೌಕಟ್ಟಿಗೆ ಕೂರಿಸಿ, ಬೆವರೊರೆಸಿಕೊಂಡು ಇಳಿದು ಬರುವ ಮನುಷ್ಯ. ಅಂಥವನು ಈ ಭೂಮಂಡಲದಲ್ಲಿ ಹೆದರುತ್ತಿದ್ದದ್ದು ಒಂದೇ ಒಂದು ವಸ್ತುವಿಗೆ: ತನ್ನದೇ ಪಿಕಪ್ ಗಾಡಿಯ ಹೊಟ್ಟೆಯ ಕೆಳಗಿದ್ದ ಹೆಬ್ಬೆರಳು ಗಾತ್ರದ ಬೋಲ್ಟಿಗೆ.

ಇಂಜಿನ್ನಿನ ಹಳೇ ಎಣ್ಣೆ ಇಳಿಸಬೇಕಾದರೆ ಗಾಡಿಯ ಅಡಿ ಮಲಗಿ ಆ ಬೋಲ್ಟನ್ನು ಬಿಚ್ಚಬೇಕು. ಅದು ಕೊನೆಯ ಸುತ್ತಿನವರೆಗೂ ಸಾಧುವಿನಂತೆ ಇರುತ್ತಿತ್ತು. ಕೊನೆಯ ಸುತ್ತಿನಲ್ಲಿ ಥಟ್ಟನೆ ಕೈಜಾರಿ ಕೆಳಗಿಟ್ಟ ಟಬ್ಬಿಗೆ ಬೀಳುತ್ತಿತ್ತು. ಅದರ ಬೆನ್ನಿಗೇ ಬಿಸಿಬಿಸಿ ಕಪ್ಪೆಣ್ಣೆ ಮೇಲೆತ್ತಿದ ಕೈಯಗುಂಟ ಮೊಣಕೈಗೆ ಇಳಿದು, ಕಂಕುಳಲ್ಲಿ ಸ್ವಲ್ಪ ವಿಶ್ರಮಿಸಿ, ಬನಿಯನ್ ಸೇರುತ್ತಿತ್ತು. (ಅವನ ಹತ್ತಿರ ಬಿಳಿ ಬನಿಯನ್ ಇರಲಿಲ್ಲ. ಒಂದು ಕಾಲದಲ್ಲಿ ಬಿಳಿಯಾಗಿದ್ದ ಬನಿಯನ್‌ಗಳು ಬೇಕಾದಷ್ಟಿದ್ದವು.)

ಎಣ್ಣೆಗಿಂತ ಹೆಚ್ಚು ಸುಡುತ್ತಿದ್ದದ್ದು ಮಾವನವರ ಉಪಸ್ಥಿತಿ. ಹೆಂಡತಿಯ ತಂದೆ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅಳಿಯ ಎಣ್ಣೆ ಬದಲಾಯಿಸುವ ಭಾನುವಾರ ಹೇಗೆ ತಿಳಿಯುತ್ತಿತ್ತೋ, ಬೆಳಗಾಗುತ್ತಲೇ ಸ್ಕೂಟರ್ ಹತ್ತಿ ಬಂದು, ಗೇಟಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ಗಾಡಿಯ ಅಡಿಯಿಂದ ಹೊರಚಾಚಿದ ಎರಡು ಕಾಲುಗಳಿಗೆ ಬೋಧನೆ ಮಾಡುತ್ತಿದ್ದರು.

“ಎಡಕ್ಕೆ, ಅಳಿಯಂದಿರೇ. ನಿಮ್ಮ ಎಡ ಅಲ್ಲ, ಬೋಲ್ಟಿನ ಎಡ.”

ಬೋಲ್ಟಿಗೂ ಒಂದು ಎಡ ಇರುತ್ತದೆಯೇ ಎಂದು ಅವನು ಯೋಚಿಸುವಷ್ಟರಲ್ಲಿ ಎಣ್ಣೆ ಕಂಕುಳು ತಲುಪಿರುತ್ತಿತ್ತು.

ಹೀಗಿರುವಾಗ ಒಂದು ದಿನ ಬಿಡಿಭಾಗದ ಅಂಗಡಿಯವನು ಅವನ ಮುಂದೆ ಆಯಿಲ್ ವಾಲ್ವ್ ಎಂಬ ಒಂದು ಹಿತ್ತಾಳೆಯ ಸಾಮಾನು ಇಟ್ಟ. ಸುಂಡಿಲಿಯಷ್ಟು ದೊಡ್ಡದು, ಪಕ್ಕದಲ್ಲಿ ಒಂದು ಪುಟ್ಟ ಹಿಡಿ. ಬೋಲ್ಟಿನ ಜಾಗಕ್ಕೆ ಇದನ್ನು ಕೂರಿಸಿದರೆ ಸ್ಪ್ಯಾನರ್ ಬೇಡ, ಕೈ ಸುಡುವುದಿಲ್ಲ, ಮತ್ತೆ ಮತ್ತೆ ಬಿಚ್ಚಿ ತಿರುಪಿನ ಗೆರೆ ಸವೆಯುವುದೂ ಇಲ್ಲ ಎಂದ.

“ಹಿಡಿ ಎತ್ತಿ, ಕಾಲು ಸುತ್ತು ತಿರುಗಿಸಿ. ಎಣ್ಣೆ ತಾನಾಗೇ ಇಳಿಯುತ್ತೆ.”

“ಅಷ್ಟೇನಾ?”

“ಅಷ್ಟೇ.”

ಗಾಜಿನಣ್ಣ ಆ ಹಿಡಿಯನ್ನು ಎತ್ತಿದ, ತಿರುಗಿಸಿದ, ಮತ್ತೆ ಎತ್ತಿದ, ತಿರುಗಿಸಿದ. ತೂತಿನಲ್ಲಿ ಕಣ್ಣಿಟ್ಟು ನೋಡಿದ. ಆ ಕಡೆಯಿಂದ ಅಂಗಡಿಯವನ ಒಂದು ಕಣ್ಣು ಕಾಣಿಸಿತು. ಮನುಷ್ಯನ ಮಿದುಳು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಅವನಿಗೆ ರೋಮಾಂಚನವಾಯಿತು. ಅದನ್ನು ಕರವಸ್ತ್ರದಲ್ಲಿ ಸುತ್ತಿ, ಎದೆಯ ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದ.

ಮನೆಯಲ್ಲಿ ಅದನ್ನು ಊಟದ ಮೇಜಿನ ನಡುವೆ ಪ್ರತಿಷ್ಠಾಪಿಸಿದ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದವಳು ಒಂದು ಸಲ ಬಗ್ಗಿ ನೋಡಿ, “ಚೆನ್ನಾಗಿದೆ ರೀ. ಅನ್ನದ ಪಾತ್ರೆ ಇಡಬೇಕು, ಸ್ವಲ್ಪ ಆ ಕಡೆ ಇಡಿ,” ಎಂದಳು. ಇಷ್ಟು ದೊಡ್ಡ ಸಂಗತಿಗೆ ಇಷ್ಟು ಸಣ್ಣ ಮಾತೇ ಎಂದು ಅವನಿಗೆ ಬೇಜಾರಾಯಿತು.

ಮಾವನವರು ಮಾತ್ರ ಅದನ್ನು ಗಂಭೀರವಾಗಿಯೇ ತೆಗೆದುಕೊಂಡರು. ಕನ್ನಡಕ ಏರಿಸಿ, ವಾಲ್ವನ್ನು ಅಂಗೈಯಲ್ಲಿ ತೂಗಿ, ದೋಷಗಳನ್ನು ಒಂದೊಂದಾಗಿ ಹೊರತೆಗೆದರು. ಬೋಲ್ಟಿಗಿಂತ ಇದು ಕೆಳಗೆ ಜೋತುಬೀಳುತ್ತದೆ, ಕಲ್ಲು ಬಡಿದರೆ ಗತಿಯೇನು? ತೂತು ಕಿರಿದು, ಎಣ್ಣೆ ಇಳಿಯುವುದು ನಿಧಾನ, ತಳದ ಗಷ್ಟು ಅಲ್ಲೇ ಉಳಿದರೆ? ದಾರಿಯಲ್ಲಿ ಹಿಡಿ ತಾನಾಗಿ ತಿರುಗಿಬಿಟ್ಟರೆ? ಅಳಿಯನೂ ಬಿಟ್ಟುಕೊಡಲಿಲ್ಲ. ಎತ್ತದೆ ತಿರುಗುವುದಿಲ್ಲ ಎಂದು ಹತ್ತು ಸಲ ತೋರಿಸಿದ, ಮೇಲೊಂದು ಕ್ಲಿಪ್ಪೂ ಇದೆ ಎಂದ, ಇಂಜಿನ್ ಬಿಸಿಯಿರುವಾಗ ತೆರೆದರೆ ಗಷ್ಟೂ ಜೊತೆಗೇ ಬರುತ್ತದೆ ಎಂದ. ಕಲ್ಲಿನ ವಿಷಯ ಬಂದಾಗ ಮಾತ್ರ, ಇನ್ನು ಮುಂದೆ ಕಲ್ಲಿಲ್ಲದ ಕಡೆ ಓಡಿಸುತ್ತೇನೆ ಎಂದುಬಿಟ್ಟ.

ಆಡಿದ ಮಾತಿಗೆ ತಪ್ಪಲಿಲ್ಲ. ವಾಲ್ವ್ ಕೂರಿಸಿದ ಮೇಲೆ ಮೂರು ತಿಂಗಳು ಆ ಪಿಕಪ್ಪು ಬಸುರಿಯಂತೆ ಓಡಾಡಿತು. ಉಬ್ಬು ಕಂಡರೆ ನಿಲ್ಲುವುದು, ಗುಂಡಿ ಕಂಡರೆ ಸುತ್ತುವುದು. ದಾರಿಯಲ್ಲಿ ಕಲ್ಲಿದ್ದರೆ ಇಳಿದು ಎತ್ತಿ ಬದಿಗಿಟ್ಟು ಮುಂದೆ ಹೋಗುವುದು. (ಹಿಂದೆ ಹಾರನ್ ಹೊಡೆಯುತ್ತಿದ್ದವರು ಇವನು ನಗರಸಭೆಯವನಿರಬೇಕೆಂದು ಸುಮ್ಮನಾಗುತ್ತಿದ್ದರು.) ಸಂಜೆ ಮನೆಗೆ ಬಂದರೆ ಮೊದಲ ಕೆಲಸ ಗಾಡಿಯ ಅಡಿ ತಲೆಹಾಕಿ ವಾಲ್ವಿನ ಯೋಗಕ್ಷೇಮ ನೋಡುವುದು. ಅಲ್ಲಿ ಅದು ಕತ್ತಲಲ್ಲೂ ಮಿನುಗುತ್ತಾ ಕೂತಿರುತ್ತಿತ್ತು. ಆಮೇಲೆ ಹೆಂಡತಿಯ ಸರದಿ.

ಕೊನೆಗೂ ಎಣ್ಣೆ ಬದಲಾಯಿಸುವ ಭಾನುವಾರ ಬಂತು. ಮರುದಿನ ಬೆಳಿಗ್ಗೆ ಒಂದು ದೊಡ್ಡ ಅಂಗಡಿಯ ಮುಂಭಾಗಕ್ಕೆ ಹಾಕುವ ಗಾಜು ಸಾಗಿಸುವುದಿತ್ತು. ಅವನು ತನ್ನ ಜೀವಮಾನದಲ್ಲೇ ಅಷ್ಟು ಅಗಲದ ಗಾಜಿಗೆ ಕೈ ಹಚ್ಚಿರಲಿಲ್ಲ. ಆದ್ದರಿಂದ ಗಾಡಿ ಅಂದೇ ಸಿದ್ಧವಾಗಬೇಕು. ಎದುರು ಮನೆಯ ಟೈಲರ್‌ನನ್ನೂ ಪಕ್ಕದ ಟ್ಯೂಷನ್ ಮೇಷ್ಟ್ರನ್ನೂ ಅವನೇ ಹೋಗಿ ಕರೆದು ಬಂದ. ಮಾವನವರನ್ನು ಕರೆಯಬೇಕಾಗಲಿಲ್ಲ, ಕುರ್ಚಿಯಲ್ಲಿದ್ದರು. ಗಾಜಿನಣ್ಣ ಒಗೆದ ಬಿಳಿ ಅಂಗಿ ತೊಟ್ಟು, ತೋಳನ್ನೂ ಮಡಿಸದೆ, ಗಾಡಿಯ ಅಡಿಗೆ ಒಂದು ಕೈ ಮಾತ್ರ ಚಾಚಿದ. ಹಿಡಿ ಎತ್ತಿದ. ಕಾಲು ಸುತ್ತು ತಿರುಗಿಸಿದ.

ಎಣ್ಣೆ ಇಳಿಯತೊಡಗಿತು. ಚಿಮ್ಮಲಿಲ್ಲ, ಚೆಲ್ಲಲಿಲ್ಲ. ಸದ್ದಿಲ್ಲದೆ, ಒಂದೇ ಎಳೆಯಾಗಿ, ಕಪ್ಪು ರೇಷ್ಮೆಯ ದಾರ ಸುರುಳಿಯಿಂದ ಬಿಚ್ಚಿಕೊಂಡಂತೆ ನೇರ ಟಬ್ಬಿನ ನಡುವಿಗೆ ಇಳಿಯಿತು. ಬೆಳಗಿನ ಬಿಸಿಲು ಆ ಎಳೆಗೆ ತಾಗಿ ಹೊಳೆಯುತ್ತಿತ್ತು. ಟೈಲರ್ ಕುಕ್ಕರಗಾಲಲ್ಲಿ ಕೂತು ಬಾಯಿ ತೆರೆದುಕೊಂಡು ನೋಡಿದ. ದಾರದ ವಿಷಯ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ, ಇಷ್ಟು ಸಮನಾದ ಎಳೆ ತಾನೂ ಕಂಡಿಲ್ಲ ಎಂದ. ಮೇಷ್ಟ್ರು ಗುರುತ್ವಾಕರ್ಷಣೆ ಎಂದೇನೋ ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಮಾವನವರು ಎದ್ದು ಬಂದು, ಬಗ್ಗಿ, ಅಳಿಯನ ಅಂಗಿಯ ತೋಳನ್ನು ಹಿಂದೆ ಮುಂದೆ ತಿರುವಿ ನೋಡಿದರು. ಒಂದು ಚುಕ್ಕೆ ಇರಲಿಲ್ಲ. ಮಗಳಿಗೆ ತಿಳಿಸಲೆಂದು ಒಳಗೆ ಹೋದರು.

ಆ ಬೆನ್ನನ್ನು ನೋಡುತ್ತಾ ಗಾಜಿನಣ್ಣನಿಗೆ ಎದೆ ತುಂಬಿ ಬಂತು. ಎಳೆ ತೆಳುವಾಗಿ, ಹನಿಯಾಗಿ, ನಿಂತಿತು. ಫಿಲ್ಟರು ಬದಲಾಯಿಸಿ, ಬಾನೆಟ್ ಎತ್ತಿ, ಹೊಸ ಎಣ್ಣೆಯ ಡಬ್ಬಿ ತೆರೆದು ಮೇಲಿನಿಂದ ಸುರಿಯಲು ತೊಡಗಿದ.

ಅರ್ಧ ನಿಮಿಷವಾಗಿರಬೇಕು, ಕೆಳಗಿನಿಂದ ಟೈಲರ್‌ನ ದನಿ ಕೇಳಿತು. “ಅಣ್ಣ, ಮತ್ತೆ ಶುರುವಾಯ್ತು. ಈಗ ಬಣ್ಣ ತಿಳಿಯಾಗ್ತಾ ಇದೆ.”

ತಳದ ಗಷ್ಟು ಬರುತ್ತಿರಬೇಕು ಎಂದುಕೊಂಡ ಅವನು. ಉಳಿದುಬಿಡುತ್ತದೆ ಎಂದಿದ್ದರಲ್ಲ ಮಾವ, ಈಗ ನೋಡಲಿ. ಇನ್ನಷ್ಟು ಸುರಿದ.

“ಜೇನಿನ ಥರ ಆಯ್ತಣ್ಣ ಈಗ.” ಟೈಲರ್‌ನ ದನಿ ತಗ್ಗಿತ್ತು, ದೊಡ್ಡವರ ಎದುರು ತಗ್ಗುವ ಹಾಗೆ. ಇಂಜಿನ್ನಿನೊಳಗಿನ ಕೊಳೆಯನ್ನೆಲ್ಲ ಈ ವಾಲ್ವು ಸೋಸಿಬಿಡುತ್ತದೆ ಎಂದು ಮೇಷ್ಟ್ರು ಅವನಿಗೆ ವಿವರಿಸುವುದು ಕೇಳಿಸಿತು. ಅಂಗಡಿಯವನು ಇದನ್ನು ಹೇಳಿರಲೇ ಇಲ್ಲ. ಎಂಥಾ ಮಹಾವಸ್ತುವನ್ನು ತಾನು ತಂದುಬಿಟ್ಟೆ ಎಂದು ಗಾಜಿನಣ್ಣನ ಕಣ್ಣು ಒದ್ದೆಯಾಯಿತು. ಡಬ್ಬಿ ಬರಿದಾಯಿತು. ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ನೋಡಿದ, ಕಡ್ಡಿ ಒಣಗಿತ್ತು. ಒರೆಸಿ ಮತ್ತೆ ಹಾಕಿ ತೆಗೆದ, ಆಗಲೂ ಒಣಗಿತ್ತು. ಇಂಜಿನ್ನಿಗೆ ಬಾಯಾರಿಕೆ ಜಾಸ್ತಿ ಎಂದುಕೊಂಡು ಎರಡನೆಯ ಡಬ್ಬಿಯ ಮುಚ್ಚಳ ತಿರುವಿದ.

ಅಷ್ಟರಲ್ಲಿ ಮಾವನೂ ಮಗಳೂ ಹೊರಗೆ ಬಂದರು. ಟಬ್ಬಿನ ಕಂಠಮಟ್ಟ ಎಣ್ಣೆ ತುಂಬಿ, ಅಂಚಿನಿಂದ ಒಂದು ನಾಲಿಗೆ ಟೈಲರ್‌ನ ಚಪ್ಪಲಿಯ ಕಡೆ ಹರಿಯುತ್ತಿತ್ತು. ಅದರ ಮೇಲೆ ಗಾಡಿಯ ಹೊಟ್ಟೆಯಿಂದ ಬಂಗಾರದ ಎಳೆಯೊಂದು ಶಾಂತವಾಗಿ ಇಳಿಯುತ್ತಲೇ ಇತ್ತು. ಮಾವನವರು ಬಾಗಿಲಲ್ಲೇ ನಿಂತುಬಿಟ್ಟರು. ಹೆಂಡತಿ ಮಾತ್ರ ಸೆರಗು ಸಿಕ್ಕಿಸಿ, ಮಂಡಿಯೂರಿ, ಕೈ ಚಾಚಿ ಹಿಡಿಯನ್ನು ತಿರುಗಿಸಿದಳು. ಟಿಕ್ ಎಂದಿತು. ಎಳೆ ಕಡಿಯಿತು.

“ರೀ,” ಎಂದಳು ಏಳುತ್ತಾ, ರೋಗಿಗೆ ಹೇಳುವ ಮೆತ್ತನೆಯ ದನಿಯಲ್ಲಿ, “ಕೆಳಗೆ ಮುಚ್ಚಿದೆಯಾ ಅಂತ ನೋಡ್ಕೊಂಡು ಮೇಲೆ ಹಾಕಬೇಕು. ಡ್ರಿಪ್ ಹಾಕೋದಕ್ಕೆ ನಮಗೆ ಮೊದಲನೇ ದಿನ ಹೇಳಿಕೊಟ್ಟಿದ್ದೇ ಅದು.”

ಗಾಜಿನಣ್ಣ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದ. ಮಾವನವರು ಬಾಗಿಲಿನಿಂದ ಹತ್ತಿರ ಬಂದರು.

“ಅಳಿಯಂದಿರೇ, ನಾನೂ ಇಷ್ಟೆಲ್ಲ ದೋಷ ಹುಡುಕಿದೆ, ಇದು ಹೊಳೀಲೇ ಇಲ್ಲ ನೋಡಿ. ಬೋಲ್ಟ್ ಆಗಿದ್ರೆ ಬಿಚ್ಚಿದ್ದು ಕೈಲೇ ಇರ್ತಿತ್ತು, ಹಾಕಿಲ್ಲ ಅಂತ ಅದೇ ಹೇಳ್ತಿತ್ತು. ಇದು ಎಷ್ಟು ಒಳ್ಳೇ ಸಾಮಾನು ಅಂದ್ರೆ, ತೆರೆದಿದ್ರೂ ಮುಚ್ಚಿದ್ರೂ ಒಂದೇ ಥರ ಸುಮ್ಮನಿರುತ್ತೆ.”

ಅಂಗಡಿಗಳಿಗೆ ರಜೆ. ಎರಡನೆಯ ಡಬ್ಬಿಯಲ್ಲಿದ್ದದ್ದು ಒಂದೇ ಲೀಟರು. ನಾಳೆಯ ಗಾಜನ್ನು ತಲೆಯ ಮೇಲೆ ಹೊತ್ತು ನಡೆಯಬೇಕೇನೋ ಎಂದು ಅವನಿಗೆ ಬೆವರಿತು. ಮಾವನವರು ಸ್ಕೂಟರಿನ ಹತ್ತಿರ ಹೋಗಿ, ಸೀಟೆತ್ತಿ, ಹೊಸ ಎಣ್ಣೆಯ ಒಂದು ತುಂಬಿದ ಡಬ್ಬಿ ತಂದು ಅವನ ಮುಂದಿಟ್ಟರು. ಡಿಪೋದಲ್ಲಿ ಹೊಸ ಸಾಮಾನು ಬಂದ ಮೊದಲ ದಿನ ಎರಡು ಪಾಲು ಎಣ್ಣೆ ಇಟ್ಟುಕೊಳ್ಳುವುದು ರೂಢಿ ಎಂದರು. ಗಾಜಿನಣ್ಣನಿಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಬೀಳಲು ಹೋದವನು ಎಣ್ಣೆಯ ಮೇಲೆ ಜಾರಿ ನಿಜವಾಗಿಯೂ ಬಿದ್ದ. ಅಂಗಿ ಬನಿಯನ್ ಸಮೇತ ಹಳೆಯ ದಿನಗಳಿಗೆ ಮರಳಿತು.

ಮರುದಿನ ಗಾಜು ಒಂದು ಗೀರೂ ಇಲ್ಲದೆ ಅಂಗಡಿ ಸೇರಿತು. ಅದನ್ನು ಕೇಳುವವರೇ ಇರಲಿಲ್ಲ. ಬೀದಿಯ ತುಂಬ ಒಂದೇ ಮಾತು: ಸಿಸ್ಟರ್ ಬರಿ ಬೆರಳಲ್ಲಿ ಬಂಗಾರದ ಎಳೆ ಕಡಿದರಂತೆ. ಎರಡು ತಿಂಗಳಲ್ಲಿ ಮೇಷ್ಟ್ರ ಕಾರಿಗೂ ಟೈಲರ್‌ನ ಭಾವಮೈದುನನ ಟೆಂಪೋಗೂ ವಾಲ್ವ್ ಬಂತು. ಒಂದು ಭಾನುವಾರ ಮೂರು ಗಾಡಿ ಗೇಟಿನ ಮುಂದೆ ಸಾಲಾಗಿ ನಿಂತದ್ದು ನೋಡಿ ಗಾಜಿನಣ್ಣ ಸಡಗರದಿಂದ ತೋಳು ಮಡಿಸಿಕೊಂಡು ಹೊರಗೆ ಬಂದ.

“ಸಿಸ್ಟರ್ ಇದ್ದಾರಾ?” ಎಂದರು ಮೇಷ್ಟ್ರು.

ಇದ್ದಳು. ಬಂದಳು. ಕೈಗವಸು ಹಾಕಿಕೊಂಡು, ಮೊದಲು ಮೇಲೆ, ಆಮೇಲೆ ಕೆಳಗೆ, ಮತ್ತೆ ಮೇಲೆ ನೋಡಿ, ಯಾವ ಗಡಿಬಿಡಿಯೂ ಇಲ್ಲದೆ ಹಿಡಿಯನ್ನು ತಿರುಗಿಸಿದಳು. ಜನ ಉಸಿರು ಬಿಗಿಹಿಡಿದು ನೋಡಿದರು. ಎಲ್ಲರಿಗಿಂತ ಹತ್ತಿರದಿಂದ, ಎಲ್ಲರಿಗಿಂತ ಬೆರಗಿನಿಂದ ನೋಡುವ ಭಾಗ್ಯ ಗಾಜಿನಣ್ಣನದು. ಟಬ್ ಹಿಡಿದು ಕೂತವನು ಅವನೇ.

“ಅಲ್ಲಾಡಿಸಬೇಡಿ ರೀ,” ಎಂದಳು ಅವಳು.

ಅವನು ಅಲ್ಲಾಡಲಿಲ್ಲ.