ನೀರಿನಲ್ಲಿ ನಿಂತ ಶಿಲುಬೆ

ನಮ್ಮ ಮಾವನಿಗೆ ನಿದ್ದೆ ಬಂದಾಗ ಮಾತ್ರ ಎಚ್ಚರವಾಗುತ್ತದೆ! ನಗಬೇಡಿ, ನಿಜ. ಉಳ್ಳಾಲದಲ್ಲಿ ಮೀನಿನ ದೋಣಿಗಳಿಗೆ ಬಣ್ಣ ಬಳಿಯುವ ಈ ಸೋದರಮಾವ ಮಧ್ಯಾಹ್ನ ಉಂಡು ಜಗಲಿಯಲ್ಲಿ ಅರೆಗಣ್ಣು ಮುಚ್ಚಿ ಕೂತರೆಂದರೆ, ಬೆರಳು ತಾನಾಗಿ ಗಾಳಿಯಲ್ಲಿ ಚಿತ್ರ ಬರೆಯುತ್ತದೆ. ಆಗ ಮಾತಾಡಿಸಿದಿರೋ, ಕೆಟ್ಟಿರಿ! ಒಮ್ಮೆ ಚಹಾ ಕೊಡಲು ಹೋಗಿ, "ಛೆ, ಈಗಷ್ಟೇ ಒಂದು ನೀಲಿ ಸಿಕ್ಕಿತ್ತು, ಓಡಿಸಿಬಿಟ್ಟೆ!" ಎಂದು ಬೈಸಿಕೊಂಡಿದ್ದೇನೆ.

ಇಂಥವರ ಬಳಿ ಜೆಪ್ಪುವಿನ ಕ್ರಿಶ್ಚಿಯನ್ ಗೆಳೆಯ ಪೊರ್ಬುಗಳು ಮನೆಯ ಹಾಲಿಗೊಂದು ಯೇಸುವಿನ ಶಿಲುಬೆಯ ಚಿತ್ರ ಕೇಳಿದರು. ಕೇಳಬಹುದೇ? ಮಾವ ತಕ್ಷಣ ಒಪ್ಪಿದರು.

"ನಿಮಗೆಂತಕ್ಕೆ ಇದು?" ಎಂದೆ.

"ಅದರಲ್ಲಿ ಮಗನನ್ನು ಕಳಕೊಂಡ ಅಮ್ಮ ಉಂಟಲ್ಲ. ಅಕ್ಕ ಒಮ್ಮೆ ನೋಡಲಿ ಅಂತ. ಅತ್ತರೆ ಸಾಕು."

ಅಕ್ಕ ಎಂದರೆ ನನ್ನ ದೊಡ್ಡಮ್ಮ. ಕಡಲಿಗೆ ಹೋದ ಅವರ ಮಗ ಹಿಂದೆ ಬರಲಿಲ್ಲ, ಹೆಣವೂ ಸಿಗಲಿಲ್ಲ. ದೊಡ್ಡಮ್ಮ ಅಳಲೇ ಇಲ್ಲ. ಅವನ ಹೆಸರನ್ನೂ ಎತ್ತಲಿಲ್ಲ. ನಮಗೆಲ್ಲ ಅದೇ ಹೆದರಿಕೆಯಾಗಿತ್ತು.

ಯೇಸುವಿಗೆ ಮಾಡೆಲ್ ಯಾರು? ನಾನೇ! ಟೆರೇಸಿನಲ್ಲಿ ಕೈ ಚಾಚಿ ನಿಂತೆ. ಪಕ್ಕದ ಬ್ಯಾರಿ ಮನೆಯ ಅಜ್ಜಿ ಅಂಗಳದಿಂದಲೇ, "ಹಾಗೇ ನಿಲ್ಲು ಮಗಾ, ಎರಡು ಬೆಡ್‌ಶೀಟ್ ಒಣಗಿಸ್ಲಿಕ್ಕೆ ಉಂಟು!" ಎಂದರು.

ಚಿತ್ರ ನೋಡಲು ಬಂದ ಪೊರ್ಬುಗಳು ಬಾಯಿ ತೆರೆದು ನಿಂತರು. ಕೆಂಪು ಆಕಾಶ, ದೋಣಿಯ ಕಂಬದ ಹಾಗೆ ವಾಲಿದ ಶಿಲುಬೆ, ಬಂಗುಡೆ ಮೀನಿನ ಬೆನ್ನಿನ ಹಸಿರಿನ ದೇಹ.

"ಎಂತ ಮಾರಾಯ! ಹಸಿರು ಮೈಯಾ?"

"ನೋವಿಗೆ ಮೈಬಣ್ಣ ಉಂಟಾ?"

"ಅದಿರಲಿ. ಶಿಲುಬೆ ಇದ್ದದ್ದು ಗುಡ್ಡದಲ್ಲಿ. ಸಮುದ್ರ ಎಲ್ಲಿಂದ ಬಂತು?"

ಮಾವ ತಲೆ ಕೆರೆದುಕೊಂಡರು. ದೋಣಿಗೆ ಬಣ್ಣ ಬಳಿಯುವವರು ನೀರು ಎಲ್ಲಿಯವರೆಗೆ ಬರುತ್ತದೆಂದು ಮೊದಲೇ ಒಂದು ಅಡ್ಡಗೆರೆ ಎಳೆಯುತ್ತಾರೆ. ಅಭ್ಯಾಸಬಲ, ಕೈ ಇಲ್ಲೂ ಎಳೆದಿತ್ತು! ಗೆರೆ ಬಿದ್ದ ಮೇಲೆ ಕೆಳಗೆ ನೀರು ತುಂಬದೆ ಇರುತ್ತದೆಯೇ? ಪಾಪ, ಮಾತೆ ಮೇರಿ ಸೊಂಟಮಟ್ಟ ನೀರಿನಲ್ಲಿ ಮಗನತ್ತ ಕೈ ಚಾಚಿ ನಿಂತಿದ್ದಳು.

"ನೀರು ಅಳಿಸಿ ಗುಡ್ಡ ಮಾಡ್ತೇನೆ" ಎಂದು ಮಾವ ಬ್ರಶ್ ಎತ್ತಿದರು.

"ಮುಟ್ಟಬೇಡ."

ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದರು. ಯಾವಾಗ ಬಂದರೋ! ಹತ್ತಿರ ಬಂದು ತುಂಬ ಹೊತ್ತು ನೋಡಿದರು. ಕಡಲಿನ ಬೆಳಕು ಗೋಡೆಯ ಮೇಲೆಲ್ಲ ತೂಗಾಡುತ್ತಿತ್ತು; ಚಿತ್ರದ ನೀರೂ ಅಲುಗಿದ ಹಾಗೆ ನನಗೆ ಕಂಡಿತು.

"ಇವಳ ಕೈ ಗಿಡ್ಡ ಆಯ್ತು. ಅವನಿಗೆ ಎಟಕುವುದಿಲ್ಲ. ಉದ್ದ ಮಾಡು."

ಮಾವ ಮಾಡಿದರು.

"ಇನ್ನೂ."

ಮತ್ತೂ ಮಾಡಿದರು. ಯಾವ ಮನುಷ್ಯರಿಗೂ ಇರಲಾರದಷ್ಟು ಉದ್ದದ ಕೈ ನೀರಿನಿಂದ ಮೇಲೇರುತ್ತಾ ಹೋಯಿತು. ಕೊನೆಗೆ ಬೆರಳು ಮಗನ ಪಾದ ಮುಟ್ಟಿತು.

ದೊಡ್ಡಮ್ಮ ನೆಲದ ಮೇಲೆ ಕುಸಿದು ಕೂತು, ತಮ್ಮ ಮಗನ ಹೆಸರು ಹಿಡಿದು ಕರೆದು, ಗಟ್ಟಿಯಾಗಿ ಅತ್ತರು.